ನಗು ಬಂತು ಸರಿ, ಯಾಕೆ ಬಂತು?

ಹೋದ ಸಂಚಿಕೆಯ ಕೊನೇಲಿ "ಸ್ಟ್ಯಾಂಡಪ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ" ಅಂತ ಒಂದು ಸಾಲು ಹಾಕಿದ್ದಷ್ಟೇ, ಇಷ್ಟೊಂದು ಪತ್ರ ಬರತ್ತೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ. ಅರ್ಧ ಜನ "ನಾನೂ ಕಾಮಿಡಿಯನ್ ಆಗ್ಬೇಕು" ಅಂತಾರೆ, ಇನ್ನರ್ಧ ಜನ "ನಿಮ್ಮಂಥವ್ರನ್ನ ದುಡ್ಡು ಕೊಟ್ಟು ಯಾಕೆ ನೋಡ್ಬೇಕು" ಅಂತಾರೆ. 11 ವರ್ಷದಿಂದ ಮೈಕ್ ಹಿಡೀತಿದೀನಿ, ಎರಡನೇ ಪ್ರಶ್ನೆ ನನಗೂ ಆಗಾಗ ಬರತ್ತೆ. ಹೆಸರು ಹಾಕ್ಬೇಡಿ ಅಂತ ಬಹಳ ಜನ ಕೇಳ್ಕೊಂಡಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಫ್ರೆಂಡ್ಸ್ ಜೊತೆ ಕೂತ್ರೆ ನಾನು ಬಾಯಿ ಬಿಟ್ರೆ ಸಾಕು, ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಅವರೇ ದಬ್ಬಿ ದಬ್ಬಿ ಓಪನ್ ಮೈಕ್‌ಗೆ, ಅಂದ್ರೆ ಹೊಸಬರೂ ಸ್ಟೇಜ್ ಹತ್ತಬಹುದಾದ ಶೋಗೆ, ಕಳಿಸಿದ್ರು. 4 ನಿಮಿಷ ನಿಂತಿದ್ದೆ, ಒಂದೇ ಒಂದು ನಗು ಇಲ್ಲ ಸರ್. ಅದೇ ಜೋಕು, ಅದೇ ನಾನು. ತಪ್ಪೆಲ್ಲಿ?
(ಕಾಲೇಜು ಕೊನೇ ವರ್ಷದಲ್ಲಿರೋ ಓದುಗ)

ಉತ್ತರ: ತಪ್ಪು ನಿಮ್ಮ ಫ್ರೆಂಡ್ಸ್‌ದು ಗುರು. ತಮಾಷೆಗೆ ಹೇಳ್ತಿಲ್ಲ. ರಾಬರ್ಟ್ ಪ್ರೊವೈನ್ ಅಂತ ಅಮೆರಿಕದಲ್ಲಿ ಒಬ್ಬ ನರವಿಜ್ಞಾನಿ ಇದ್ರು, ಅವರು ಮತ್ತೆ ಅವರ ವಿದ್ಯಾರ್ಥಿಗಳು ಜನ ಓಡಾಡೋ ಜಾಗಗಳಲ್ಲಿ ಸುಮ್ನೆ ಕಿವಿ ಕೊಟ್ಕೊಂಡು ನಿಂತು, ಯಾರು ಯಾವಾಗ ನಗ್ತಾರೆ, ನಗೋಕೆ ಮುಂಚೆ ಯಾವ ಮಾತು ಬಂತು ಅಂತ 1200 ನಗು ಬರ್ಕೊಂಡ್ರು. ಆಮೇಲೆ ಕೂತು ನೋಡಿದ್ರೆ, ನಗು ತರಿಸಿದ ಮಾತುಗಳಲ್ಲಿ ಸ್ವಲ್ಪನಾದ್ರೂ ತಮಾಷೆ ಅನ್ನೋ ಥರ ಇದ್ದಿದ್ದು ನೂರಕ್ಕೆ 10ರಿಂದ 20 ಅಷ್ಟೇ. ಉಳಿದಿದ್ದೆಲ್ಲ ಸಪ್ಪೆ ಮಾತು, ಅಯ್ಯೋ ಇವನು ಬಂದ ನೋಡು, ಸರಿ ಹಂಗಾದ್ರೆ ಆಮೇಲೆ ಸಿಗೋಣ, ಈ ಥರದ್ದು. ಕೇಳೋರಿಗಿಂತ ಮಾತಾಡೋರೇ ನೂರಕ್ಕೆ 46ರಷ್ಟು ಜಾಸ್ತಿ ನಗ್ತಿದ್ರಂತೆ. ಒಬ್ಬರೇ ಇದ್ದಾಗ ನಗೋದಕ್ಕಿಂತ ಜೊತೇಲಿ ಜನ ಇದ್ದಾಗ ನಗೋದು 30 ಪಟ್ಟು ಹೆಚ್ಚು ಅಂತಾನೂ ಅವರೇ ಲೆಕ್ಕ ಹಾಕಿದ್ದು.

ಅಂದ್ರೆ ನಿಮ್ಮ ಫ್ರೆಂಡ್ಸ್ ನಕ್ಕಿದ್ದು ಜೋಕಿಗಲ್ಲ, ನಿಮಗೆ. ನೀವು ಮೇಷ್ಟ್ರ ಥರ ಕತ್ತು ತಿರುಗಿಸಿದ್ರೆ ಅವರಿಗೆ ಆ ಮೇಷ್ಟ್ರು ಗೊತ್ತು, ಹೋದ ವರ್ಷ ಆ ಮೇಷ್ಟ್ರು ನಿಮಗೆ ಬೈದಿದ್ದೂ ಗೊತ್ತು, ಅಂದ್ರೆ ಸೆಟಪ್ಪನ್ನ, ಜೋಕಿನ ಪೀಠಿಕೇನ, ನೀವು ಮೂರು ವರ್ಷದಿಂದ ಒಟ್ಟಿಗೆ ಕಟ್ಕೊಂಡು ಬಂದಿದೀರ, ಪಂಚ್, ಅಂದ್ರೆ ನಗಿಸೋ ಕೊನೇ ಏಟು, ಹಾಕೋದಷ್ಟೇ ಬಾಕಿ. ಕ್ಲಬ್ಬಲ್ಲಿ ಕೂತಿರೋ 30 ಜನಕ್ಕೆ ನೀವು ಯಾರೋ. ಅವರಿಗೆ ಇಡೀ ಮನೆ 20 ಸೆಕೆಂಡಲ್ಲಿ ಕಟ್ಟಿ ಕೊಡ್ಬೇಕು, ಆಮೇಲೆ ಅದನ್ನ ಕೆಡವ್ಬೇಕು.

ಇನ್ನೊಂದು, ರೂಮು. ಇದನ್ನ ಯಾರೂ ಹೇಳ್ಕೊಡಲ್ಲ. ತಗ್ಗಿನ ಚಾವಣಿ, ಕತ್ತಲೆ, ಭುಜಕ್ಕೆ ಭುಜ ತಾಗೋ ಹಂಗೆ ಕುರ್ಚಿ, ಇದು ನಮಗೆ ಸ್ವರ್ಗ. ಅದೇ 30 ಜನರನ್ನ 200 ಜನ ಹಿಡಿಯೋ ಹಾಲಲ್ಲಿ ಅಲ್ಲಲ್ಲಿ ಕೂರ್ಸಿ ಲೈಟೆಲ್ಲ ಹಾಕ್ಬಿಟ್ರೆ ಯಾವ ದೊಡ್ಡ ಕಾಮಿಡಿಯನ್ ಬಂದ್ರೂ ಬೆವರ್ತಾನೆ, ಯಾಕಂದ್ರೆ ನಗು ಒಬ್ಬರಿಂದ ಇನ್ನೊಬ್ಬರಿಗೆ ಹತ್ಕೊಳ್ಳೋ ಬೆಂಕಿ ಇದ್ದಂಗೆ, ನಡುವೆ ನಾಲ್ಕು ಖಾಲಿ ಕುರ್ಚಿ ಬಂದ್ರೆ ಅಲ್ಲಿಗೇ ಆರಿಹೋಗತ್ತೆ, ಅದೂ ಅಲ್ಲದೆ ಬೆಳಕಲ್ಲಿ ಜನಕ್ಕೆ ತಾವು ನಗೋದು ಬೇರೆಯವ್ರಿಗೆ ಕಾಣತ್ತೆ ಅನ್ನೋ ಸಂಕೋಚ. ನಾನು ಈಗ್ಲೂ ಶೋಗೆ ಒಂದು ಗಂಟೆ ಮುಂಚೆ ಹೋಗಿ ಮೊದಲು ಮಾಡೋ ಕೆಲಸ ಹಿಂದಿನ ಸಾಲಿನ ಕುರ್ಚಿಗಳನ್ನ ಮಡಚಿಡೋದು.

ಮತ್ತೆ ಹೋಗಿ. ಫೋನಲ್ಲಿ ಆಡಿಯೋ ರೆಕಾರ್ಡ್ ಮಾಡ್ಕೊಳ್ಳಿ, ಮಾರನೇ ದಿನ ಕೇಳಿ, ಹಿಂಸೆ ಆಗತ್ತೆ, ಆದ್ರೂ ಕೇಳಿ. ಅಮೆರಿಕದ ಸ್ಟೀವ್ ಮಾರ್ಟಿನ್ ತನ್ನ 18 ವರ್ಷದ ಸ್ಟ್ಯಾಂಡಪ್ಪನ್ನ ಹಿಂಗೆ ಲೆಕ್ಕ ಹಾಕಿದ್ದಾನೆ: 10 ವರ್ಷ ಕಲಿಯೋಕೆ, 4 ವರ್ಷ ತಿದ್ದೋಕೆ, ಕೊನೇ 4 ವರ್ಷ ಮಾತ್ರ ಭರ್ಜರಿ ಯಶಸ್ಸು. ಅದೂ ಆದ್ಮೇಲೆ 1981ರಲ್ಲಿ ಬಿಟ್ಟೇಬಿಟ್ಟ. ನಿಮ್ಮದು 4 ನಿಮಿಷ ಆಗಿದೆ.

ಪ್ರಶ್ನೆ: ಜೋಕು ತಾನಾಗಿ ಹೊಳೆಯತ್ತಾ, ಇಲ್ಲಾ ಕೂತು ಬರೀತೀರಾ? ಒಂದು ಜೋಕು ಹುಟ್ಟೋದನ್ನ ಹಂತ ಹಂತವಾಗಿ ಹೇಳಕ್ಕಾಗತ್ತಾ?
(ಗೃಹಿಣಿ, ನಿಮ್ಮ ಅಂಕಣದ ಹಳೇ ಓದುಗರು)

ಉತ್ತರ: ಹೊಳೆಯೋದು ಒಂದು ಸಾಲು ಅಮ್ಮಾ, ಉಳಿದಿದ್ದೆಲ್ಲ ಮರಗೆಲಸ. ನನ್ನದೇ ಒಂದು ಜೋಕನ್ನ ಬಿಚ್ಚಿ ತೋರಿಸ್ತೀನಿ. ಬಿಚ್ಚಿದ ಜೋಕಿಗೆ ಯಾರೂ ನಗಲ್ಲ ಅನ್ನೋದು ಗೊತ್ತಿದ್ದೇ ಬಿಚ್ತಿದೀನಿ.

ಮೊದಲ ದಿನ ನಾನು ಸ್ಟೇಜ್ ಮೇಲೆ ಹೇಳಿದ್ದು ಹೀಗೆ: "ನಮ್ಮಪ್ಪಂಗೆ ಈ ಟೆಕ್ನಾಲಜಿ ಎಲ್ಲ ಆಗಲ್ಲ, ನಾನು ಹೊಸ ಫೋನ್ ಕೊಡಿಸಿ ವಿಡಿಯೋ ಕಾಲ್ ಹೇಳ್ಕೊಟ್ಟೆ, ಆದ್ರೆ ಅವರು ಹಳೇ ಅಭ್ಯಾಸದಲ್ಲಿ ಫೋನನ್ನ ಕಿವಿಗೆ ಇಟ್ಕೊಂಡ್ರು, ನನಗೆ ಬರೀ ಅವರ ಕಿವಿ ಕಾಣಿಸ್ತಿತ್ತು." ಎಲ್ಲೋ ಮೂಲೇಲಿ ಒಬ್ಬರು ಮರ್ಯಾದೆಗೆ ನಕ್ಕರು. ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯ್ತು, ನಗು ಬರ್ಬೇಕಾದ ಪದ "ಕಿವಿ", ಅದನ್ನ ನಾನು ಎರಡು ಸಲ ಹೇಳಿದೀನಿ, ಮೊದಲನೇ ಸಲ ಸೆಟಪ್ಪಲ್ಲೇ ಖರ್ಚು ಮಾಡ್ಬಿಟ್ಟಿದೀನಿ, ಎರಡನೇ ಸಲ "ಕಾಣಿಸ್ತಿತ್ತು" ಅನ್ನೋ ಸಪ್ಪೆ ಪದದ ಹಿಂದೆ ಬಚ್ಚಿಟ್ಟಿದೀನಿ. ಕನ್ನಡದಲ್ಲಿ ಜೋಕ್ ಬರೆಯೋರಿಗೆ ಇರೋ ದೊಡ್ಡ ತಲೆನೋವು ಇದೇ ನೋಡಿ, ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಪಂಚ್ ಆಗ್ಬೇಕಾದ ಪದ ಅದಕ್ಕಿಂತ ಮುಂಚೆ ಬಾಯಿಂದ ಜಾರಿ ಹೋಗಿರತ್ತೆ, ಜನ ನಗೋಕೆ ಬಾಯಿ ತೆಗೆಯೋ ಹೊತ್ತಿಗೆ ನಾವಿನ್ನೂ "ಇತ್ತು", "ಆಯ್ತು", "ಬಿಡ್ತು" ಅಂತ ಬಾಲ ಎಳೀತಿರ್ತೀವಿ. ಹಾಗಾಗಿ ವಾಕ್ಯಾನೇ ತಿರುಗಿಸ್ಬೇಕು.

ಸುಮಾರು ಹದಿನೈದು ಶೋ ಆದ್ಮೇಲೆ ಅದು ಹಿಂಗೆ ನಿಂತ್ಕೊಳ್ತು: "ನಮ್ಮಪ್ಪ ದಿನಾ ವಿಡಿಯೋ ಕಾಲ್ ಮಾಡ್ತಾರೆ. ಮಗನ ಮುಖ ನೋಡ್ಬೇಕಂತೆ. ಮೂರು ವರ್ಷ ಆಯ್ತು, ನಾನಿನ್ನೂ ಮಾತಾಡ್ತಿರೋದು ಅವರ ಕಿವಿ ಜೊತೆ." ಟೆಕ್ನಾಲಜಿ ಹೋಯ್ತು, ಹೊಸ ಫೋನು ಹೋಯ್ತು, ಹಳೇ ಅಭ್ಯಾಸ ಹೋಯ್ತು. ಅದನ್ನೆಲ್ಲ ಆಡಿಯನ್ಸೇ ತುಂಬ್ಕೋತಾರೆ, ತುಂಬ್ಕೊಳ್ಳೋ ಆ ಅರ್ಧ ಕ್ಷಣದಲ್ಲೇ ನಗು ಇರೋದು. ಅದರ ಮೇಲೆ ಒಂದು ಟ್ಯಾಗ್ ಹಾಕಿದೆ, ಅಂದ್ರೆ ಪಂಚ್ ಮೇಲೊಂದು ಮರಿ ಪಂಚು: "ಈಗ ಕಿವಿ ನೋಡಿದ್ರೆ ಸಾಕು, ಅಪ್ಪನ ಮೂಡ್ ಹೇಳ್ತೀನಿ." ಎರಡನೇ ಟ್ಯಾಗ್ ನನ್ನದಲ್ಲ. ಒಂದಿನ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬರು ತಡೆಯಕ್ಕಾಗದೆ "ನಮ್ಮಮ್ಮಂದು ಹಣೆ!" ಅಂತ ಕೂಗಿದ್ರು, ನನ್ನ ಬಾಯಿಗೆ ಬಂದಿದ್ದು "ಇಬ್ರನ್ನೂ ಕಾನ್ಫರೆನ್ಸ್ ಹಾಕಿ ಮೇಡಂ, ಒಂದು ಮುಖ ಆಗತ್ತೆ." ಆವತ್ತಿನ ದೊಡ್ಡ ನಗು ಅದೇ. ಅಲ್ಲಿಂದ ಪ್ರತಿ ಶೋನಲ್ಲೂ ಆ ಅಮ್ಮನ ಹಣೆಯನ್ನ ನಾನೇ ತಗೊಂಡ್ ಬರ್ತೀನಿ.

ಫಿಲಿಸ್ ಡಿಲ್ಲರ್ ಅಂತ ಅಮೆರಿಕದಲ್ಲಿ ಒಬ್ಬ ಕಾಮಿಡಿಯನ್ ಇದ್ರು, 37ನೇ ವಯಸ್ಸಿಗೆ, ಮಕ್ಕಳೆಲ್ಲ ಆದ್ಮೇಲೆ, 1955ರಲ್ಲಿ ಸ್ಟೇಜ್ ಹತ್ತಿದ್ದು. ಅವರು ಒಂದೊಂದು ಜೋಕನ್ನೂ ಒಂದೊಂದು ಕಾರ್ಡ್ ಮೇಲೆ ಟೈಪ್ ಮಾಡಿ ವಿಷಯವಾರು ಜೋಡಿಸಿಟ್ಟಿದ್ರು, ಲೈಬ್ರರಿ ಥರ ಡ್ರಾಯರ್‌ಗಳಿರೋ ಬೀರು, 50,000ಕ್ಕೂ ಹೆಚ್ಚು ಕಾರ್ಡು, ಅದೀಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಗೃಹಿಣಿ ಅಂತ ಬರ್ಕೊಂಡಿದೀರಲ್ಲ, ಅದಕ್ಕೆ ಹೇಳಿದೆ. ಒಂದು ನೋಟ್‌ಬುಕ್ ಇಡಿ.

ಪ್ರಶ್ನೆ: ಸ್ಟೇಜ್ ಮೇಲೆ "ಇದು ನಿಜವಾಗ್ಲೂ ಆಗಿದ್ದು" ಅಂತೀರಲ್ಲ, ಎಷ್ಟು ನಿಜ? ನನಗೆ ಇಷ್ಟವಾದ ಒಬ್ಬ ಕಾಮಿಡಿಯನ್ ಹೇಳಿದ್ದ ಕತೆ ಸುಳ್ಳು ಅಂತ ಗೊತ್ತಾದಾಗ ಮೋಸ ಹೋದಂಗಾಯ್ತು. ಇದು ಅತಿಯಾಯ್ತಾ?
(ಬ್ಯಾಂಕ್ ಉದ್ಯೋಗಿ)

ಉತ್ತರ: ಅತಿ ಅಲ್ಲ. ಆದ್ರೆ ಎಲ್ಲ ಸುಳ್ಳೂ ಒಂದೇ ಅಲ್ಲ, ನಿಮ್ಮ ಬ್ಯಾಂಕಲ್ಲಿ ಎಲ್ಲ ಸಾಲಾನೂ ಒಂದೇ ಅಲ್ವಲ್ಲ ಹಂಗೆ.

ಮೇಲಿನ ಜೋಕಲ್ಲಿ "ಮೂರು ವರ್ಷ" ಸುಳ್ಳು. ಅಪ್ಪ ಹಾಗೆ ಮಾಡಿದ್ದು ನಾಲ್ಕೈದು ಕಾಲ್ ಇರ್ಬಹುದು, ದಿನಾನೂ ಮಾಡಲ್ಲ. ಈಗ ಇದನ್ನ ಹೇಳಿದ್ನಲ್ಲ, ನಕ್ಕಿದ್ದ ನಗುವನ್ನ ವಾಪಸ್ ಕೊಡಿ ಅಂತ ಯಾರಾದ್ರೂ ಕೇಳ್ತೀರಾ? ಇಲ್ಲ. ಯಾಕಂದ್ರೆ ನೀವು ನಕ್ಕಿದ್ದು ವರ್ಷದ ಲೆಕ್ಕಕ್ಕಲ್ಲ, ನಿಮ್ಮನೇಲೂ ಒಂದು ಕಿವಿ ಇದೆ ಅಂತ. ಇಂಥ ಉತ್ಪ್ರೇಕ್ಷೆ ಆಟದ ನಿಯಮ, ಟಿಕೆಟ್ ತಗೊಂಡವರಿಗೆಲ್ಲ ಗೊತ್ತಿರತ್ತೆ.

ಇನ್ನೊಂದು ಥರ ಇದೆ. 2023ರ ಸೆಪ್ಟೆಂಬರಲ್ಲಿ ನ್ಯೂಯಾರ್ಕರ್ ಪತ್ರಿಕೆ ಅಮೆರಿಕದ ಕಾಮಿಡಿಯನ್ ಹಸನ್ ಮಿನ್ಹಾಜ್ ಬಗ್ಗೆ ಒಂದು ದೊಡ್ಡ ಲೇಖನ ಹಾಕ್ತು. ಅವರ ಸ್ಪೆಷಲ್‌ನಲ್ಲಿ, ಅಂದ್ರೆ ರೆಕಾರ್ಡ್ ಮಾಡಿ ಬಿಟ್ಟ ಪೂರ್ತಿ ಶೋನಲ್ಲಿ, ಒಂದು ಕತೆ ಬರತ್ತೆ, ಮನೆಗೊಂದು ಲಕೋಟೆ ಬಂತು, ಅದರಲ್ಲಿದ್ದ ಬಿಳಿ ಪುಡಿ ಮಗಳ ಮೈಮೇಲೆ ಬಿತ್ತು, ಆಸ್ಪತ್ರೆಗೆ ಓಡಿದ್ವಿ ಅಂತ. ಕೇಳಿದಾಗ ಅವರೇ ಒಪ್ಕೊಂಡಂಗೆ, ಲಕೋಟೆ ಬಂದಿದ್ದು ಹೌದು, ಮಗಳ ಮೇಲೆ ಪುಡಿ ಬಿದ್ದಿದ್ದು, ಆಸ್ಪತ್ರೆ, ಇದೆರಡೂ ಆಗಿದ್ದಲ್ಲ. ಭಾವನೆ ಮಟ್ಟದಲ್ಲಿ ಇದು ಸತ್ಯ ಅಂತ ಅವರ ವಾದ. ಆಮೇಲೆ ಒಂದು ಉದ್ದದ ವಿಡಿಯೋ ಹಾಕಿ, ಲೇಖನದಲ್ಲಿ ತನ್ನ ಮಾತನ್ನ ಸರಿಯಾಗಿ ತೋರಿಸಿಲ್ಲ ಅಂತಾನೂ ಹೇಳಿದ್ರು, ಬೇಜಾರಾದವರ ಕ್ಷಮೆಯನ್ನೂ ಕೇಳಿದ್ರು. ನನ್ನ ಫೀಲ್ಡಿನವರು ಬಹಳ ಜನ "ಕಾಮಿಡಿಯನ್‌ಗೆ ಫ್ಯಾಕ್ಟ್ ಚೆಕ್ ಮಾಡ್ತಾರೇನ್ರೀ" ಅಂತ ನಕ್ಕುಬಿಟ್ರು. ನನಗೆ ಹಾಗೆ ನಗಕ್ಕಾಗ್ಲಿಲ್ಲ.

ಆ ಕತೆ ಹೇಳೋವಾಗ ಹಾಲಲ್ಲಿ ನಗು ಇರಲ್ಲ, ಗಮನಿಸಿ. ಪಿನ್ ಡ್ರಾಪ್ ಮೌನ. ಜನ ಉಸಿರು ಹಿಡ್ಕೊಂಡಿರ್ತಾರೆ. ಆ ಮೌನವನ್ನ ಕೊಂಡ್ಕೊಂಡಿದ್ದು ಜೋಕಿನಿಂದಲ್ಲ, "ಇದು ನನ್ನ ಮಗೂಗೆ ಆಯ್ತು" ಅನ್ನೋ ಸಾಕ್ಷಿಯಿಂದ. ನಗು ಬಂದಾಗ ಜನ ಕಾಮಿಡಿಯನ್‌ಗೆ ಕೊಡೋದು "ಹೌದಲ್ಲ" ಅನ್ನೋ ಗುರುತು, ಮೌನ ಕೊಟ್ಟಾಗ, ಕಣ್ಣೀರು ಕೊಟ್ಟಾಗ, ಎದ್ದು ಚಪ್ಪಾಳೆ ಹೊಡೆದಾಗ ಅವರು ಕೊಡ್ತಿರೋದು ನಂಬಿಕೆ. ಮೊದಲನೇದಕ್ಕೆ ಸುಳ್ಳು ಹೇಳಬಹುದು. ಎರಡನೇದಕ್ಕೆ ಸುಳ್ಳು ಹೇಳಿದ್ರೆ ಅದು ಸಾಲ, ಒಂದಿನ ಯಾರೋ ವಸೂಲಿಗೆ ಬರ್ತಾರೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ನಿಜವಾಗ್ಲೂ ಅಂಥದ್ದು ಅನುಭವಿಸಿದ ಮುಂದಿನವನು ಬಂದು ಹೇಳಿದಾಗ ಜನ ಕಣ್ಣು ಕಿರಿದು ಮಾಡಿ ನೋಡ್ತಾರೆ, ಬಡ್ಡಿ ಕಟ್ಟೋದು ಅವನು.

ಇದರ ಉಲ್ಟಾ ಕೇಸೂ ಇದೆ, ನನಗೆ ಅದು ಇನ್ನೂ ಕುತೂಹಲ. ಆಸ್ಟ್ರೇಲಿಯಾದ ಹ್ಯಾನಾ ಗ್ಯಾಡ್ಸ್‌ಬಿ ಅವರ 2018ರ ಸ್ಪೆಷಲ್‌ನಲ್ಲಿ ಶುರೂಲಿ ಬಸ್ ಸ್ಟಾಪಲ್ಲಿ ಒಬ್ಬ ಹೊಡೆಯೋಕೆ ಬಂದು, ತಪ್ಪು ತಿಳ್ಕೊಂಡೆ ಅಂತ ವಾಪಸ್ ಹೋದ ಅಂತ ಒಂದು ಜೋಕು ಬರತ್ತೆ, ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಕೊನೇಲಿ ಅದೇ ಕತೆಗೆ ವಾಪಸ್ ಬಂದು ಹೇಳ್ತಾರೆ, ಅವನು ಹಾಗೇ ಹೋಗಿಬಿಡ್ಲಿಲ್ಲ, ತಿರುಗಿ ಬಂದ, ಹೊಡೆದ. ಜೋಕಿಗೆ ಬೇಕಾಗಿರೋದು ಶುರು ಮತ್ತೆ ಮಧ್ಯ ಅಷ್ಟೇ, ಕೊನೆ ಬೇಡ, ಕೊನೆ ಸೇರಿಸಿದ್ರೆ ನಗು ಸತ್ತುಹೋಗತ್ತೆ, ಅದಕ್ಕೇ ಕೊನೇನ ಕತ್ತರಿಸಿ ಹೇಳ್ತಿದ್ರು. ಸುಳ್ಳು ಒಂದೂ ಇಲ್ಲ, ಸತ್ಯ ಪೂರ್ತಿ ಇಲ್ಲ. ಅದು ನೋಡಿದ್ಮೇಲೆ ನನ್ನ ಹಳೇ ಸೆಟ್‌ಗಳಲ್ಲಿ (ಒಂದ್ಸಲ ಸ್ಟೇಜ್ ಹತ್ತಿ ಹೇಳೋ ಜೋಕುಗಳ ಕಟ್ಟು) ಎಲ್ಲೆಲ್ಲಿ ಕತ್ತರಿ ಆಡಿಸಿದೀನಿ ಅಂತ ಒಂದು ವಾರ ಕೂತು ನೋಡಿದೆ. ಲಿಸ್ಟ್ ಉದ್ದ ಇತ್ತು, ಇಲ್ಲಿ ಹಾಕಲ್ಲ.

ಪ್ರಶ್ನೆ: ನನ್ನ ಜೋಕನ್ನ ಇನ್ನೊಬ್ಬ ಕದ್ದು ರೀಲ್ ಮಾಡಿ ಹಾಕಿದಾನೆ. ಕೇಸ್ ಹಾಕ್ಬಹುದಾ?
(ಹೊಸ ಕಾಮಿಡಿಯನ್)

ಉತ್ತರ: ಪದಕ್ಕೆ ಪದ ಕದ್ದಿದ್ರೆ ಕಾಪಿರೈಟ್ ಅಂತ ಏನೋ ಹೇಳ್ಬಹುದು, ಐಡಿಯಾ ಕದ್ದಿದ್ರೆ ಕಾಪಿರೈಟ್ ಕಾನೂನು ಐಡಿಯಾಗೆ ರಕ್ಷಣೆ ಕೊಡಲ್ಲ, ಹೇಳೋ ರೀತಿಗೆ ಮಾತ್ರ. ಲಾಯರ್ ಫೀಸು ನೀವು ಈವರೆಗೆ ಸ್ಟೇಜ್ ಮೇಲೆ ದುಡಿದಿದ್ದಕ್ಕಿಂತ ಜಾಸ್ತಿ ಆಗತ್ತೆ. ನಮ್ಮಲ್ಲಿ ನಡೆಯೋ ಕಾನೂನು ಬೇರೆ: ಕದಿಯೋನ ಜೊತೆ ಯಾರೂ ಒಂದೇ ಲೈನಪ್ಪಲ್ಲಿ ನಿಲ್ಲಲ್ಲ, ಅವನು ಹಿಂದೆ ಕೂತಿದ್ರೆ ಹೊಸ ಮಟೀರಿಯಲ್ ಬಿಚ್ಚಲ್ಲ, ಶೋ ನಡೆಸೋರ ಕಿವಿಗೆ ಮಾತು ಹೋಗತ್ತೆ, ನಿಧಾನಕ್ಕೆ ಅವನಿಗೆ ಸ್ಪಾಟ್ ಸಿಗೋದು ನಿಲ್ಲತ್ತೆ. ಆದ್ರೆ ಇದನ್ನೆಲ್ಲ ಮಾಡೋ ಮುಂಚೆ ಒಂದು ಸಲ ಯೋಚ್ನೆ ಮಾಡಿ, ನಿಮ್ಮ ಜೋಕು ಲಿಫ್ಟಲ್ಲಿ ಅಪರಿಚಿತರ ಜೊತೆ ನಿಂತಾಗಿನ ಮುಜುಗರದ್ದಾ? ಹಾಗಾದ್ರೆ ಅದು ಇಬ್ಬರಿಗೂ ಹೊಳೆದಿರೋ ಸಾಧ್ಯತೆ ಬಹಳ ಇದೆ.

ಪ್ರಶ್ನೆ: 40 ಸೆಕೆಂಡಿನ ಕ್ಲಿಪ್ ನೋಡಿ ಇಡೀ ಊರು ಕೋಪ ಮಾಡ್ಕೊಳ್ಳತ್ತೆ, ಕಾಮಿಡಿಯನ್ "ಸಂದರ್ಭ ಬಿಟ್ಟು ನೋಡ್ಬೇಡಿ" ಅಂತಾನೆ. ಜೋಕ್ ಅಂದ್ರೆ ಜೋಕ್ ತಾನೇ, ಸಂದರ್ಭ ಏನ್ ಬಂತು ಮಣ್ಣು?
(ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಒಂದು ಹಳೇ ಕತೆ ಹೇಳ್ತೀನಿ. ಲೆನ್ನಿ ಬ್ರೂಸ್ ಅಂತ ಅಮೆರಿಕದ ಕಾಮಿಡಿಯನ್, 1964ರಲ್ಲಿ ನ್ಯೂಯಾರ್ಕಲ್ಲಿ ಅಶ್ಲೀಲ ಮಾತಿನ ಕೇಸಲ್ಲಿ ಸಿಕ್ಕಾಕೊಂಡ. ಅವನ ಶೋಗೆ ಲೈಸೆನ್ಸ್ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರ್ ಹೋಗಿ ಕತ್ತಲಲ್ಲಿ ಕೂತು ಚೀಟಿ ಮೇಲೆ ನೋಟ್ಸ್ ಗೀಚ್ಕೊಂಡಿದ್ದ, ಆಮೇಲೆ ಕೋರ್ಟಲ್ಲಿ ಸಾಕ್ಷಿ ಕಟ್ಟೆ ಹತ್ತಿ ಅದನ್ನೇ ಓದಿ ಹೇಳಿದ. ಸ್ವಲ್ಪ ಕಣ್ಮುಂದೆ ತಂದ್ಕೊಳ್ಳಿ: ಮಧ್ಯಾಹ್ನದ ಕೋರ್ಟು, ಟೈ ಕಟ್ಕೊಂಡಿರೋ ಒಬ್ಬ ಸರ್ಕಾರಿ ಮನುಷ್ಯ ಚೀಟಿ ನೋಡ್ಕೊಂಡು ಒಂದೇ ರಾಗದಲ್ಲಿ ಜೋಕ್ ಓದ್ತಿದಾನೆ, ಅರ್ಧ ಪದ ಬಿಟ್ಟಿದಾನೆ, ಕೇಳಿಸ್ಕೊಳ್ತಿರೋರು ಮೂರು ಜನ ಜಡ್ಜು. ಬ್ರೂಸ್ ಒದ್ದಾಡಿಹೋದ, ಇವನ ಕೆಟ್ಟ ಟೈಮಿಂಗಿಗೆ ನನಗೆ ಶಿಕ್ಷೆ ಆಗ್ತಿದೆ, ನಾನೇ ಮಾಡಿ ತೋರಿಸ್ತೀನಿ ಬಿಡಿ ಅಂತ ಗೋಗರೆದ. ಬಿಡ್ಲಿಲ್ಲ. ಶಿಕ್ಷೆ ಆಯ್ತು, ಮೇಲ್ಮನವಿ ಮುಗಿಯೋ ಮುಂಚೆ 1966ರಲ್ಲಿ ಸತ್ತ. 2003ರಲ್ಲಿ ನ್ಯೂಯಾರ್ಕ್ ಗವರ್ನರ್ ಕ್ಷಮಾದಾನ ಕೊಟ್ರು, ಸತ್ತು 37 ವರ್ಷ ಆದ್ಮೇಲೆ.

ಇವತ್ತಿನ ಕ್ಲಿಪ್ಪು ಆ ಇನ್‌ಸ್ಪೆಕ್ಟರ್ ಥರಾನೇ. ಮಾತು ಇದೆ, ರೂಮ್ ಇಲ್ಲ. ಅದಕ್ಕಿಂತ ಹಿಂದಿನ 20 ನಿಮಿಷದಲ್ಲಿ ಅವನು ಜನರ ಜೊತೆ ಏನು ಒಪ್ಪಂದ ಮಾಡ್ಕೊಂಡಿದ್ದ, ಯಾರನ್ನ ಗುರಿ ಇಟ್ಟಿದ್ದ, ಆ ಸಾಲು ಅವನ ಮಾತಾ ಇಲ್ಲಾ ಅವನು ಆಡ್ತಿದ್ದ ಪಾತ್ರದ ಮಾತಾ, ಏನೂ ಗೊತ್ತಾಗಲ್ಲ. ಇದೇ ಭಯಕ್ಕೆ ದೊಡ್ಡ ದೊಡ್ಡವರ ಶೋಗಳಲ್ಲಿ ಬಾಗಿಲಲ್ಲೇ ಫೋನನ್ನ ಚೀಲಕ್ಕೆ ಹಾಕಿ ಲಾಕ್ ಮಾಡ್ತಾರೆ, ಯೋಂಡರ್ ಅನ್ನೋ ಕಂಪನಿ 2014ರಿಂದ ಅದೇ ವ್ಯಾಪಾರ ಮಾಡ್ತಿದೆ.

ಹಾಗಂತ ನಮ್ಮವರನ್ನ ಪೂರ್ತಿ ಬಿಟ್ಕೊಡಕ್ಕೂ ಆಗಲ್ಲ, ಪೂರ್ತಿ ವಹಿಸ್ಕೊಳ್ಳಕ್ಕೂ ಆಗಲ್ಲ. ಕ್ಲಿಪ್ ಕತ್ತರಿಸಿ ಹಾಕೋರು ಬಹಳ ಸಲ ಕಾಮಿಡಿಯನ್ನೇ. ಆಡಿಯನ್ಸ್ ಜೊತೆ ಮಾತಾಡೋ ಕ್ರೌಡ್ ವರ್ಕ್ ಕ್ಲಿಪ್ಪೇ ಯಾಕೆ ಜಾಸ್ತಿ ಬರತ್ತೆ ಅಂದ್ರೆ, ಬರೆದ ಜೋಕು ಒಂದು ಸಲ ಆನ್‌ಲೈನ್ ಹೋದ್ರೆ ಸತ್ತಂಗೆ, ಕ್ರೌಡ್ ವರ್ಕ್ ಹಾಕಿದ್ರೆ ಮಟೀರಿಯಲ್ ಉಳಿಯತ್ತೆ. ವ್ಯೂಸ್ ಬಂದಾಗ ಸಂದರ್ಭ ಬೇಡ, ಬೈಗುಳ ಬಂದಾಗ ಮಾತ್ರ ಬೇಕು ಅಂದ್ರೆ ನೀವು ಮಣ್ಣು ಅನ್ನೋದು ಸರೀನೇ.

ಪ್ರಶ್ನೆ: ಜನ ನಕ್ಕರೂ ಬೇಜಾರಾಗಿದ್ದು ಇದೆಯಾ?
(ಓದುಗರು)

ಉತ್ತರ: ಇದೆ. ಸೈಲೆನ್ಸ್‌ಗಿಂತ ಹೆದರಿಸೋದು ಅದೇ. ಅಮೆರಿಕದ ಕಾಮಿಡಿಯನ್ ಡೇವ್ ಶಪೆಲ್ ತನ್ನ ಟಿವಿ ಶೋ ಉತ್ತುಂಗದಲ್ಲಿದ್ದಾಗ, 2005ರಲ್ಲಿ, ಕೋಟಿಗಟ್ಟಲೆ ಡಾಲರ್ ಕಾಂಟ್ರ್ಯಾಕ್ಟ್ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದ. ಆಮೇಲೆ ಕಾರಣ ಹೇಳುವಾಗ ಒಂದು ನಗುವಿನ ಬಗ್ಗೆ ಹೇಳಿದ. ಕಪ್ಪು ಜನರ ಬಗ್ಗೆ ಇರೋ ಸವಕಲು ಕಲ್ಪನೆಗಳನ್ನೇ ಲೇವಡಿ ಮಾಡೋ ಸ್ಕೆಚ್ ಶೂಟ್ ಆಗ್ತಿತ್ತು, ಸೆಟ್ಟಲ್ಲಿದ್ದ ಒಬ್ಬ ಬಿಳಿಯ ನಕ್ಕ, ಆ ನಗು ಸರಿ ಅನ್ನಿಸ್ಲಿಲ್ಲ, ಇವನು ನನ್ನ ಜೊತೆ ನಗ್ತಿಲ್ಲ ಅನ್ನಿಸ್ತು. ಒಂದು ನಗು. ಅಷ್ಟೇ.

ನನ್ನದು ಅಷ್ಟು ದೊಡ್ಡದಲ್ಲ. ನಾನು ಚಿಕ್ಕವನಿದ್ದಾಗ ತೊದಲ್ತಿದ್ದೆ, ಅದರ ಮೇಲೆ ಒಂದು ಬಿಟ್, ಅಂದ್ರೆ ಜೋಕಿನ ತುಣುಕು, ಇತ್ತು, ತೊದಲೋನಿಗೆ ಹೆಸರು ಕೇಳಿ ತಾಳ್ಮೆ ಇಲ್ಲದೆ ತಾವೇ ಹೆಸರಿಡೋ ಜನರ ಬಗ್ಗೆ. ಒಂದಿನ ಹಿಂದಿನ ಸಾಲಲ್ಲಿ ಒಂದು ಗುಂಪು, ಪಂಚ್ ಬರೋ ಮುಂಚೆಯೇ, ನಾನು ತೊದಲು ಶುರು ಮಾಡಿದ ಕೂಡ್ಲೇ ಕಿಸಕ್ಕನೆ ನಕ್ಕರು. ಸೆಟ್ ಪೂರ್ತಿ ಅವರೇ ಎಲ್ಲರಿಗಿಂತ ಜೋರು. ಇಳಿದ್ಮೇಲೆ "ಸಖತ್ ಬ್ರೋ" ಅಂತ ಕೈ ಕುಲುಕಿದ್ರು. ಲೆಕ್ಕದ ಪ್ರಕಾರ ಆ ವರ್ಷದ ಒಳ್ಳೇ ಸೆಟ್ ಅದು. ನಗು ಬಂತು ಅನ್ನೋದನ್ನ ಮೈಕು ಹೇಳತ್ತೆ, ಯಾಕೆ ಬಂತು ಅನ್ನೋದನ್ನ ಹೇಳಲ್ಲ. ನಾನು ಆಮೇಲೆ ಅದನ್ನ ಬದಲಾಯಿಸಿದೆ, ಈಗ ತೊದಲೋದನ್ನ ಮಾಡಿ ತೋರಿಸೋದೇ ಇಲ್ಲ, ಹೆಸರಿಡೋರನ್ನ ಮಾತ್ರ ಮಾಡ್ತೀನಿ. ನಗು ಸ್ವಲ್ಪ ಕಮ್ಮಿ.

ನಾಟ್ಯಶಾಸ್ತ್ರದಲ್ಲಿ ಭರತಮುನಿ ನಗುವನ್ನ ಆರು ಥರ ಮಾಡ್ತಾನೆ: ಸ್ಮಿತ, ಹಸಿತ ಉತ್ತಮರಿಗೆ, ವಿಹಸಿತ, ಉಪಹಸಿತ ಮಧ್ಯಮರಿಗೆ, ಅಪಹಸಿತ, ಅತಿಹಸಿತ ಅಧಮರಿಗೆ. ಹಲ್ಲು ಕಾಣದ ಮುಗುಳ್ನಗೆ ಉತ್ತಮ, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡ್ಕೊಂಡು ನಗೋದು ಅಧಮ. ಕ್ಷಮಿಸ್ಬೇಕು ಮುನಿಗಳೇ, ಟಿಕೆಟ್ ಮಾರೋ ನಮಗೆ ಬೇಕಾಗಿರೋದು ಅಧಮರೇ. ಆದ್ರೆ ಎಲ್ಲ ನಗುವನ್ನೂ ಒಂದೇ ಮೀಟರಲ್ಲಿ ಅಳೀಬಾರ್ದು ಅನ್ನೋದು ಅಷ್ಟು ಹಿಂದೆಯೇ ಹೊಳೆದಿತ್ತಲ್ಲ.

ಪ್ರಶ್ನೆ: ಶೋ ಮಧ್ಯೆ ಕೂಗಿ ಕಾಡೋ ಹೆಕ್ಲರ್ ಬಂದ್ರೆ ಏನು ಮಾಡ್ತೀರ?
(ಓದುಗರು)

ಉತ್ತರ: ಮೊದಲು "ಏನಂದ್ರಿ?" ಅಂತ ಇನ್ನೊಂದ್ಸಲ ಕೇಳ್ತೀನಿ. ಎರಡನೇ ಸಲ ಹೇಳುವಾಗ ಯಾರ ಮಾತೂ ಅಷ್ಟು ಚೆನ್ನಾಗಿರಲ್ಲ.

ಪ್ರಶ್ನೆ: ನನ್ನ ಗಂಡ ಸ್ಟ್ಯಾಂಡಪ್ ಮಾಡ್ತಾರೆ. ಸೆಟ್ಟಲ್ಲಿ ಅರ್ಧ ನನ್ನ ಬಗ್ಗೆನೇ. ನಾನು ಹೇಳದೇ ಇರೋ ಮಾತು, ಮಾಡದೇ ಇರೋ ಜಗಳ. ಶೋ ಮುಗಿದ್ಮೇಲೆ ಜನ ಬಂದು "ಓ ನೀವೇನಾ ಅವರು" ಅಂತ ನಗ್ತಾರೆ. ಬೇಡ ಅಂದ್ರೆ "ಅದು ನೀನಲ್ಲ, ಪಾತ್ರ" ಅಂತಾರೆ. ನಾನು ಹ್ಯೂಮರ್ ಇಲ್ಲದವಳಾ?
(ಒಬ್ಬ ಕಾಮಿಡಿಯನ್‌ನ ಹೆಂಡತಿ)

ಉತ್ತರ: ಅಲ್ಲ ಮೇಡಂ. ಮೊದಲನೇದಾಗಿ ಪಾತ್ರಕ್ಕೆ ನಿಮ್ಮ ಮುಖ, ನಿಮ್ಮ ಕೆಲಸ, ನಿಮ್ಮ ಮನೆ ಇದ್ರೆ ಅದು ಪಾತ್ರ ಅಲ್ಲ. ನಮ್ಮ ವೃತ್ತೀಲಿ ಒಂದು ಅನುಕೂಲದ ವೇದಾಂತ ಇದೆ, ನಗು ಬಂದ್ರೆ "ನಿಜ ಕಣ್ರೀ, ನಮ್ಮನೇಲಿ ನಡೆದಿದ್ದು", ಮನೇಲಿ ಬೈದ್ರೆ "ಬರೀ ಜೋಕು ಕಣೇ". ಎರಡೂ ಕಡೆ ಗೆಲ್ಲೋ ಆಟ. ಅಮೆರಿಕದ ಕಾಮಿಡಿಯನ್ ರಿಚರ್ಡ್ ಪ್ರಯರ್ 1980ರಲ್ಲಿ ಡ್ರಗ್ಸ್ ಮತ್ತಲ್ಲಿ ಮೈಗೆ ಬೆಂಕಿ ಹತ್ತಿ ಸಾಯೋ ಹಂಗಾಗಿದ್ದ, ಎರಡು ವರ್ಷ ಬಿಟ್ಟು ಬಂದ ಕಾನ್ಸರ್ಟ್ ಸಿನಿಮಾದಲ್ಲಿ ಆ ಬೆಂಕಿ ಬಗ್ಗೆ ತಾನೇ ಜೋಕ್ ಮಾಡಿದ, ಕೊನೇಲಿ ಒಂದು ಕಡ್ಡಿ ಗೀರಿ ಅದನ್ನ ಗಾಳೀಲಿ ಓಡಿಸಿ, ಇದೇನು ಹೇಳಿ, ರಿಚರ್ಡ್ ಪ್ರಯರ್ ರಸ್ತೇಲಿ ಓಡ್ತಿರೋದು ಅಂತ, ಜನ ತನ್ನ ಬೆನ್ನ ಹಿಂದೆ ಹೇಳ್ತಿದ್ದ ಜೋಕನ್ನ ತಾನೇ ಹೇಳಿದ. ಅವನ ಮೈ ಅದು, ಹೇಳಬಹುದು. ನಿಮ್ಮ ಗಂಡ ತಮ್ಮ ಮೈ ಸುಟ್ಕೊಂಡು ಜೋಕ್ ಮಾಡ್ಲಿ, ನಿಮ್ಮ ಮೈ ಯಾಕೆ.

ಇಷ್ಟು ಧೈರ್ಯವಾಗಿ ಬರೀತಿದೀನಿ, ನಾನೂ ಅದನ್ನೇ ಮಾಡಿದವನು. ಆ ಕಿವಿ ಜೋಕು ಚೆನ್ನಾಗಿ ಓಡೋಕೆ ಶುರುವಾಗಿ ಏಳೆಂಟು ತಿಂಗಳಾದ್ಮೇಲೆ ಒಂದಿನ ಮನೇಲಿ ಅಪ್ಪನ್ನ ಸುಮ್ನೆ ಕೇಳಿದೆ, ವಿಡಿಯೋ ಕಾಲಲ್ಲಿ ಫೋನ್ ಯಾಕೆ ಕಿವಿಗೆ ಇಟ್ಕೋತೀರಾ, ಎಷ್ಟು ಸಲ ಹೇಳಿದೀನಿ ಅಂತ. ಅಪ್ಪ ಪೇಪರಿಂದ ತಲೆ ಎತ್ತದೆ "ಸ್ಪೀಕರಲ್ಲಿ ನೀನು ಹೇಳೋದು ಕೇಳ್ಸಲ್ಲ ಕಣೋ" ಅಂದ್ರು. ಅಷ್ಟು ಶೋನಲ್ಲಿ ಸಾವಿರಾರು ಜನ ಆ ಜೋಕಿಗೆ ನಕ್ಕಿದ್ರು, ನಾನು ಅದರ ಒಂದೊಂದು ಪದ ತೂಗಿ ನೋಡಿದ್ದೆ, ಯಾಕೆ ಅನ್ನೋದನ್ನ ಮಾತ್ರ ಕೇಳೇ ಇರ್ಲಿಲ್ಲ. ಅಪ್ಪ ಒಂದ್ಸಲ ಶೋಗೆ ಬಂದಿದ್ರು, ಮೂರನೇ ಸಾಲು, ಎಲ್ಲರೂ ನಕ್ಕು ಒಂದು ಕ್ಷಣ ಆದ್ಮೇಲೆ ಅವರು ನಗ್ತಿದ್ರು. ನಾನು ಅದನ್ನ ಸಂಕೋಚ ಅಂದ್ಕೊಂಡಿದ್ದೆ.

ಅದಕ್ಕೆ ನಿಮಗೆ ಹೇಳೋದು ಇಷ್ಟು. "ಬೇಡ" ಅಂತ ಒಟ್ಟಾಗಿ ಹೇಳ್ಬೇಡಿ, ನಮ್ಮ ಕಾಮಿಡಿಯನ್ ಜಾತಿಗೆ ಅದು ಕೇಳ್ಸಲ್ಲ. ಕೂತ್ಕೊಂಡು ಸೆಟ್ ಪೂರ್ತಿ ಹಾಕ್ಸಿ, ಒಂದೊಂದು ಜೋಕಿಗೂ ಇದು ಓಕೆ, ಇದು ಬೇಡ, ಇದರಲ್ಲಿ ನನ್ನ ಆಫೀಸ್ ತೆಗೀರಿ, ಇದರಲ್ಲಿ ನಾನು ಹೇಳಿದ ಮಾತನ್ನ ನಿಮ್ಮ ಬಾಯಿಗೆ ಹಾಕ್ಕೊಳ್ಳಿ ಅಂತ ಗುರುತು ಹಾಕಿ ಕೊಡಿ. ಬಹಳಷ್ಟು ಸಲ ಬದಲಾಯಿಸಿದ್ರೆ ಜೋಕು ಸಾಯಲ್ಲ. ಸಾಯತ್ತೆ ಅಂದ್ರೆ ಅದು ಜೋಕಾಗಿರ್ಲಿಲ್ಲ, ನಿಮ್ಮ ಮೇಲಿನ ಸಿಟ್ಟನ್ನ ಮೈಕಲ್ಲಿ ಹೇಳ್ತಿದ್ರು, ಆ ವಿಷಯ ಮನೇಲೇ ಮಾತಾಡ್ಕೊಳ್ಳಿ.

ಕಿವಿ ಜೋಕ್ ಈಗ್ಲೂ ಮಾಡ್ತೀನಾ ಅಂತ ಕೇಳ್ತೀರ, ಗೊತ್ತು. ಅಪ್ಪನ್ನ ಕೇಳಿದೆ, "ಚೆನ್ನಾಗಿದೆ, ಇಟ್ಕೋ, ಆದ್ರೆ ಟೆಕ್ನಾಲಜಿ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ" ಅಂದ್ರು. ಮಾಡ್ತೀನಿ. ಅವರಿಗೆ ಹಿಯರಿಂಗ್ ಏಡ್ ಹಾಕ್ಸಿ ಎರಡು ವರ್ಷ ಆಯ್ತು, ಕಾಲ್ ಮಾಡಿದ್ರೆ ಪೂರ್ತಿ ಮುಖ ಕಾಣತ್ತೆ, ಸ್ವಲ್ಪ ಹತ್ತಿರಾನೇ ಕಾಣತ್ತೆ. ಈಗ ಆ ಜೋಕಲ್ಲಿ ಒಂದು ಪದಾನೂ ನಿಜ ಇಲ್ಲ.